ಬಿಚ್ಚದೆ ಇಟ್ಟ ಸಾಲು

ರಾಯಚೂರು
12 ಆಗಸ್ಟ್ 2024

ತಂಗಿ ಶಿವಬಸಮ್ಮಗ,

ಪಂಚಮಿ ಬಂದು ಹೋತು, ನೀ ಬರಲಿಲ್ಲ. ನಿನ್ನ ಪಾಲಿನ ಉಂಡಿ ಡಬ್ಬ್ಯಾಗ ಹಂಗೇ ಕುಂತಾವ. ಮೊಮ್ಮಕ್ಕಳು ಡಬ್ಬಿ ಸುತ್ತ ಓಡಾಡಿ, "ಅಜ್ಜಿ ಖರೇನ ಬರಂಗಿಲ್ಲೇನು?" ಅಂತ ಕೇಳಾಕತ್ತಾವ. ಕೇಳೋದು ನಿನ್ನ ಸುದ್ದಿ, ಕಣ್ಣು ಡಬ್ಬಿ ಮ್ಯಾಲ. ನಾಟಿ ಕೆಲಸ ಬಿಟ್ಟು ಬರಾಕ ಆಗಲಿಲ್ಲ ಅಂತ ಸ್ವಪ್ನಾ ಫೋನಿನ್ಯಾಗ ಹೇಳಿದಳಂತ. ನನ್ನ ಮಗ ಅದನ್ನ ಚೀಟಿ ಮ್ಯಾಲ ಬರ್ದು ತೋರಿಸಿದ. ನಿನ್ನ ಸೊಸಿ ಸುಳ್ಳು ಹೇಳಾಕಿ ಅಲ್ಲ, ಹಂಗಾಗಿ ನಂಬೀನಿ.

ನನ್ನ ಕಿವಿ ಈಗ ಪೂರಾ ಹೋದಂಗೇ. ಮಗ್ಗಲದಾಗ ನಿಂತು ಒದರಿದ್ರ ಒಂದೀಟು ಕೇಳ್ತದ. ಫೋನ್ ಹಚ್ಚಿಕೊಂಡ್ರ ಮನಷ್ಯಾರ ಮಾತು ಕೇಳಂಗಿಲ್ಲ, ನಲವತ್ತೈದು ವರ್ಷ ತುಳಿದ ಅಚ್ಚಿನ ಟ್ರೆಡಲ್ ಮಷೀನಿನ ಸದ್ದೇ ಕೇಳ್ತದ. ಅದಕ್ಕ ಪತ್ರ. ನಿನಗ ಅಕ್ಷರ ಕಲಿಸಿದ್ದೂ ಇದೇ ಪ್ರೆಸ್ಸಿನ ರದ್ದಿ ಹಾಳಿ ಅಲ್ಲೇನು? ಯಾರದೋ ಲಗ್ನಪತ್ರಿಕಿ ಪ್ರೂಫು ಓದಿ, "ಯಣ್ಣಾ, ಈ ಹುಡುಗಿಗೆ ಮುಂದ ಏನಾತು?" ಅಂತ ಕೇಳ್ತಿದ್ದಿ.

ಒಂದು ಮಾತು ಹೇಳೋದದ. ಬ್ಯಾರೆಯವರ ಬಾಯಿಂದ ಕೇಳೋಕ್ಕಿಂತ ನಾನೇ ಹೇಳಿದ್ರ ಚಲೋ. ನಿಮ್ಮೂರ ಶಿವರಾಜ, ಸಿರವಾರದಾಗ ಅಕ್ಕಿ ವ್ಯಾಪಾರ ಮಾಡ್ತಾನಲ್ಲ, ಅಂವ ಹೋದ ವಾರ ಪ್ರೆಸ್ಸಿಗೆ ಬಂದಿದ್ದ. ಹತ್ತು ವರ್ಷದ ಹಿಂದ ನೀವು ಹೆಣ್ಣುಮಕ್ಕಳು ಬಸ್ ಸ್ಟ್ಯಾಂಡಿನ ಸೆರೆ ಅಂಗಡಿ ಮುಂದ ಇಪ್ಪತ್ತೊಂದು ದಿನ ಕುಂತು ಬಾಗಲ ಮುಚ್ಚಿಸಿದ್ರಿ. ಊರಾಗ ಸೆರೆ ಮಾರಬಾರದು ಅಂತ ಗ್ರಾಮಸಭೆಯಾಗ ಠರಾವು ಮಾಡಿಸಿದ್ರಿ. ಆ ಠರಾವು ತೆಗಿಸಬೇಕಂತ ಈಗ ಅವರು ಗುಂಪು ಕಟ್ಯಾರ. ಅದರ ಕರಪತ್ರ ಅಚ್ಚು ಹಾಕಿಕೊಡ್ರಿ ಅಂದ.

"ಕಾಕಾ, ನಿಮ್ಮ ಮಗನ ಕಂಪ್ಯೂಟರಿಂದು ಬ್ಯಾಡ. ನಿಮ್ಮ ಕೈಯಿಂದು ಬೇಕು, ಹಳೇ ಅಚ್ಚುಮೊಳಿಯಾಗ. ಆಗ ಶಿವಬಸಮ್ಮಕ್ಕ ಹಂಚಿದ್ದಳಲ್ಲ ಗುಲಾಬಿ ಹಾಳಿ, ಸುತ್ತ ಬಳ್ಳಿ ಇದ್ದದ್ದು, ಥೇಟ್ ಹಂಗ ಇರಬೇಕು" ಅಂತ ಕಿವ್ಯಾಗ ಒದರಿದ.

ನಾ ಒಪ್ಪಿಕೊಂಡೆ. ಜಾತ್ರಿಗೂ ಉರುಸಿಗೂ, ಗೆದ್ದವರಿಗೂ ಸೋತವರಿಗೂ ಅಚ್ಚು ಹಾಕಿದ ಕೈ ಇದು. ನಿಮ್ಮ ಹಾಳಿನೂ ಹಾಕೀನಿ, ಅವರದ್ದೂ ಹಾಕೀನಿ. ಓದಿ ತೂಗಿ ನೋಡೋದು ಊರಿನ ಮಂದಿ ಕೆಲಸ. ಶನಿವಾರ ಸಾವಿರ ಹಾಳಿ ಒಯ್ದ. ನಿನಗ ಸಿಟ್ಟು ಬಂದ್ರ ಬೈದು ಬರಿ. ಆದ್ರ ಬರಿ.

ಉಂಡಿ ಯಾರ ಕೈಲಾದ್ರೂ ಕಳಿಸ್ತೀನಿ.

ಹಾದಿ ನೋಡೋ ನಿನ್ನ ಅಣ್ಣ,
ಗಡಿಗೆಪ್ಪ


ಹಂಚಿನಗಡ್ಡಿ, ದೇವದುರ್ಗ ತಾಲೂಕು
20 ಆಗಸ್ಟ್ 2024

ಯಣ್ಣಾ,

ನಿನ್ನ ಪತ್ರ ಬರೋಕಿಂತ ಎರಡು ದಿನ ಮೊದಲೇ ನೀ ಅಚ್ಚು ಹಾಕಿದ ಹಾಳಿ ಬಂತು. ಈ ಲಕೋಟ್ಯಾಗ ಒಂದು ಮಡಚಿ ಇಟ್ಟೀನಿ. ಕೆಳಗಿನ ಸಾಲು ಓದು. ಮತ್ತೊಮ್ಮೆ ಓದು.

ನಳದ ಕಡೆ ಹೋಗಿದ್ದೆ. ಕೊಡ ಹಿಡಕೊಂಡ ಹೆಣ್ಣುಮಕ್ಕಳು ನನ್ನ ನೋಡಿ ಮಾತು ನಿಲ್ಲಿಸಿದರು. ನಾನೂ ಎಲ್ಲಾರ ಜೋಡಿ ನಗಾಡಾಕಿ, ಏನ್ರವ್ವಾ ನನ್ನ ಸುದ್ದೀನೇ ಮಾತಾಡಾಕತ್ತೀರೇನು ಅಂದೆ. ಒಬ್ಬಾಕಿ, "ನಿನ್ನ ಸುದ್ದಿ ನೀನೇ ಬರಿಸಿ ಹಂಚೀದಿ, ನಾವು ಮಾತಾಡೋದೇನದ ಬೇ?" ಅಂದಳು. ಇಪ್ಪತ್ತೊಂದು ದಿನ ಬಿಸಲಾಗ ನನ್ನ ಮಗ್ಗಲ ಕುಂತಾಕಿ ಆಕಿ.

ಮನಿಗೆ ಬಂದೆ. ಮಗ ಚನ್ನವೀರ ಕಟ್ಟಿ ಮ್ಯಾಲ ಕುಂತು ಓದಾಕತ್ತಿದ್ದ. ಬೇಕಂತಲೇ ನನಗ ಕೇಳೋಹಂಗ ಓದಿದ. "ನಿಷೇಧದಿಂದ ಕುಡಿತ ನಿಂತಿಲ್ಲ, ಕದ್ದು ಕುಡಿಯುವುದು ಹೆಚ್ಚಿದೆ. ಕಿರಾಣಿ ಅಂಗಡಿಗಳಲ್ಲಿ ಅಡಗಿಸಿ ಮಾರುವ ಮಾಲಿಗೆ ಹೇಳುವವರು ಕೇಳುವವರು ಇಲ್ಲ. ಪರವಾನಗಿ ಇರುವ ಅಂಗಡಿಗೆ ಅವಕಾಶ ಕೊಟ್ಟು ಹಿಂದಿನ ಠರಾವನ್ನು ರದ್ದುಪಡಿಸೋಣ." ಆಮ್ಯಾಲ ಕೆಳಗಿಂದು ಓದಿದ. "ಇಂತಿ ತಮ್ಮೂರ ಸೊಸೆ ಶಿವಬಸಮ್ಮ ಹಾಗೂ ಸಮಸ್ತ ತಾಯಂದಿರು."

"ಯವ್ವಾ, ನೀ ಒಪ್ಪೀದಿಯಂತಲ್ಲ!" ಅಂದು ನಕ್ಕ.

ಯಣ್ಣಾ, ಆ ನಗು ನಾ ಹತ್ತು ವರ್ಷ ಆಗಿತ್ತು ಕೇಳಿ. ಬಸ್ ಸ್ಟ್ಯಾಂಡಿನಿಂದ ಅವನ್ನ ಹೊತ್ತುಕೊಂಡು ತರ್ತಿದ್ದರಲ್ಲ, ಆವಾಗಿನ ನಗು. ಅಂಗಡಿ ಮುಚ್ಚಿದ ಮ್ಯಾಲ ಅಂವ ಮನಷ್ಯಾ ಆಗ್ಯಾನ. ಕುಡಿಬೇಕಂದ್ರ ದೇವದುರ್ಗದ ತನಕ ಹೋಗಬೇಕು, ಗಾಡಿ ಕೀಲಿ ಸ್ವಪ್ನಾನ ಸೊಂಟದಾಗ ಇರ್ತದ. ಕಿರಾಣಿ ಅಂಗಡಿಯವ್ರು ನನಗ ಹೆದರಿ ಇವಗ ಕೊಡಂಗಿಲ್ಲ. ಅವನ ಜೀವ ನಿಂತಿದ್ದು ಈ ಎರಡರ ಮ್ಯಾಲ. ಒಂದು ಆ ಕೀಲಿ. ಇನ್ನೊಂದು ನನ್ನ ಹೆಸರಿನ ಅಂಜಿಕಿ. ಬಾಗಲದಾಗ ಅಂಗಡಿ ಬಂದ್ರ ಅಂವ ಉಳಿಯಂಗಿಲ್ಲ. ಇದು ನಿನಗೂ ಗೊತ್ತದ.

ಹಾಳಿಮ್ಯಾಗಿನ ಮಾತು ಎಲ್ಲಾ ಸುಳ್ಳು ಅನ್ನಂಗಿಲ್ಲ ನಾ. ಕಿರಾಣಿಯಾಗ ಮಾರೋದು ಖರೇ. ಅದನ್ನ ಅವರು ಅವರ ಹೆಸರಿನ್ಯಾಗ ಹೇಳಲಿ. ನನ್ನ ಹೆಸರು ಯಾಕ ಬಂತು?

ನೀ ಅಚ್ಚು ಹಾಕಿದ್ದಕ್ಕ ಸಿಟ್ಟಿಲ್ಲ. ಒಂದೇ ಕೇಳ್ತೀನಿ. ಇದು ತಪ್ಪಿ ಆದದ್ದೋ, ಬೇಕಂತಲೇ ಆದದ್ದೋ?

ನಿನ್ನ ತಂಗಿ,
ಶಿವಬಸಮ್ಮ


ರಾಯಚೂರು
23 ಆಗಸ್ಟ್ 2024

ಯವ್ವಾ ಶಿವಬಸಮ್ಮಾ,

ಹಾಳಿ ಬಿಚ್ಚಿ ಕೆಳಗಿನ ಸಾಲು ಓದಿದೆ. ನೀ ಹೇಳಿದಂಗ ಮತ್ತೊಮ್ಮೆ ಓದಿದೆ.

ತಪ್ಪಿ ಆತು. ನನ್ನ ಕೈಯಿಂದ ಆತು. ಹೆಂಗಂತ ಕೇಳು, ಇದನ್ನ ನಾ ಯಾರಿಗೂ ಹೇಳಿಲ್ಲ.

ನಮ್ಮ ಕಸುಬಿನ್ಯಾಗ ಒಂದು ನೇಮ ಅದ. ಸೀಸದ ಮೊಳಿ ಜೋಡಿಸಿ ಅಚ್ಚು ಹಾಕಿದ ಮ್ಯಾಲ ಕಟ್ಟು ಬಿಚ್ಚಿ, ಒಂದೊಂದು ಅಕ್ಷರ ಅದರದರ ಖಾನಿಗೆ ವಾಪಸ್ ಹಾಕಬೇಕು. ಇಲ್ಲಂದ್ರ ನಾಳಿ ಕೆಲಸಕ್ಕ ಅಕ್ಷರ ಸಾಲಂಗಿಲ್ಲ. ಹತ್ತು ವರ್ಷದ ಹಿಂದ ನಿಮ್ಮ ಹಾಳಿ ಅಚ್ಚಾದಾಗ ನಾ ಕಟ್ಟು ಬಿಚ್ಚಲಿಲ್ಲ. ನಮ್ಮ ಮನೆತನದಾಗ ಒಬ್ಬಾಕಿ ಹೆಣ್ಣುಮಗಳ ಹೆಸರು ಅಚ್ಚಾಗಿದ್ದು ಅದೇ ಮೊದಲು. ಅದೂ ಸಾಲಿ ಮೆಟ್ಟಲ ಹತ್ತದಾಕಿ ಹೆಸರು. ಬಿಚ್ಚಾಕ ಮನಸ್ಸಾಗಲಿಲ್ಲ. ದಾರ ಸುತ್ತಿ ತಗಡಿನ ಮ್ಯಾಲ ಹಂಗೇ ಕಿಟಕಿ ಕೆಳಗ ಇಟ್ಟಿದ್ದೆ. ದಿನಾ ಧೂಳು ಒರೆಸ್ತಿದ್ದೆ.

ಶಿವರಾಜ ಹಳೇ ಹಾಳಿ ಹಂಗೇ ಬೇಕು ಅಂದಾಗ ಅದನ್ನೇ ತೆಗೆದೆ. ಬಳ್ಳಿ ಇಟ್ಟುಕೊಂಡೆ, ಮ್ಯಾಲಿನ "ಗ್ರಾಮಸ್ಥರಲ್ಲಿ ವಿನಂತಿ" ಇಟ್ಟುಕೊಂಡೆ. ನಡುವಿನ ನಿಮ್ಮ ಮಾತು ತೆಗೆದು ಅವರ ಮಾತು ಕೂಡಿಸಿದೆ. ಕೆಳಗಿನ ಸಾಲು ತೆಗಿಯೋದು ಮರೆತೆ.

ಮೊದಲಾದ್ರ ನಾ ಜೋಡಿಸಿದ್ದನ್ನ ನಮ್ಮ ಪ್ರೆಸ್ಸಿನ ದಸ್ತಗೀರ್ ಸಾಬ್ ಪ್ರೂಫ್ ಓದ್ತಿದ್ದ. ಅಂವಗ ಕಣ್ಣಿನ್ಯಾಗ ಪೊರೆ ಬಂದು, ಅಕ್ಷರ ಕಾಣದಂಗಾಗಿ, ಮಾನವಿಯಾಗ ಮಗಳು ಗುಲ್ಫಶಾನ ಮನಿ ಸೇರಿ ಎರಡು ವರ್ಷ ಆತು. ಈಗ ಜೋಡಿಸಾಂವನೂ ನಾನೇ, ಓದಾಂವನೂ ನಾನೇ. ಪ್ರೂಫ್ ಓದಿದಾಗ ಆ ಸಾಲು ಕಂಡಿಲ್ಲಂತಲ್ಲ. ಕಂಡದ. ಹತ್ತು ವರ್ಷ ದಿನಾ ಆ ಜಾಗದಾಗ ನಿನ್ನ ಹೆಸರು ನೋಡಿದ ಕಣ್ಣಿಗೆ, ಅದು ಅಲ್ಲೇ ಇರಬೇಕು ಅನಿಸ್ತು. ಅಷ್ಟೇ. ಬ್ಯಾರೆ ಏನೂ ಇಲ್ಲ.

ಅಲ್ಲ, ಇನ್ನೊಂದದ. ಹೇಳಿಬಿಡ್ತೀನಿ. ವರ್ಷದ ಮ್ಯಾಲ ಆಗಿತ್ತು ಯಾರೂ ನನ್ನ ಮೊಳಿ ಕೇಳಿ. ಎಲ್ಲಾ ಮಗನ ಕಂಪ್ಯೂಟರಿಗೆ ಬರ್ತಾರ. ಶಿವರಾಜ "ನಿಮ್ಮ ಕೈಯಿಂದು ಬೇಕು" ಅಂದಾಗ ನನಗ ಲಗ್ನದ ಮನಿಯಾಗಿನಂಗ ಸಡಗರ ಆಗಿತ್ತು. ಆ ಸಡಗರದಾಗ ಬರದದ್ದು ಏನಂತ ಮನಸಿಗೇ ಹೋಗಲಿಲ್ಲ. ಮಸಿ ವಾಸನಿಗೆ ಮೈ ಮರತೆ.

ಇವತ್ತೇ ತಿದ್ದುಪಡಿ ಹಾಳಿ ಜೋಡಿಸಾಕ ಕುಂತೀನಿ. "ಹಿಂದಿನ ಕರಪತ್ರದಲ್ಲಿ ಶಿವಬಸಮ್ಮನವರ ಹೆಸರು ಮುದ್ರಕನ ತಪ್ಪಿನಿಂದ ಬಿದ್ದಿದೆ" ಅಂತ ಹಾಕ್ತೀನಿ. ಮನಿ ಮನಿಗೆ ಮುಟ್ಟಿಸ್ತೀನಿ.

ಬೈಯೋದಿದ್ರ ಬೈ. ಸುಮ್ಮನಿರಬ್ಯಾಡ.

ಗಡಿಗೆಪ್ಪ


ರಾಯಚೂರು
9 ಸೆಪ್ಟೆಂಬರ್ 2024

ಯವ್ವಾ,

ಎರಡು ವಾರ ಆತು, ನಿನ್ನಿಂದ ಒಂದಕ್ಷರ ಇಲ್ಲ. ನಾ ಏನೇನು ಮಾಡೀನಿ ಅಂತ ಬರೀತೀನಿ, ಓದು ಸಾಕು.

ತಿದ್ದುಪಡಿ ಹಾಳಿ ಐನೂರು ಹಾಕಿದೆ. ಗುಲಾಬಿ ಕಾಗದ ಉಳಿದಿತ್ತು, ಅದರ ಮ್ಯಾಲೇ ಹಾಕಿದೆ. ಬಳ್ಳಿನೂ ಅದೇ. ನನಗ ಬ್ಯಾರೆ ತಿಳೀಲಿಲ್ಲ. ಹಂಚಾಕ ಯಾರು ಅಂತ ಯೋಚನಿ ಮಾಡಾಕತ್ತಿದ್ದೆ. ಅಷ್ಟರಾಗ ಮಾನವಿಯಿಂದ ದಸ್ತಗೀರ್ ಸಾಬ್ ಬಂದ. ಗುಲ್ಫಶಾ ಯಾರ ಕಡೆಯಿಂದಲೋ ಬಂದ ಹಾಳಿ ಓದಿ ಹೇಳಿದಳಂತ. ಕಿವಿ ಹಂತ್ಯಾಕ ಬಂದು ಒದರಿ, "ಕ್ಯಾ ಮಾಲಕ್, ಇದು ಅಕ್ಕಾನ ಹೆಸರಲ್ಲೇನ್ರೀ? ನಾ ಕುರುಡಾದ್ರ ನೀವೂ ಕುರುಡಾದ್ರ್ಯಾ?" ಅಂದ. ಬೈದದ್ದು ಹಿತ ಅನಿಸ್ತು. ಹಾಳಿ ಗಂಟು ಕಟ್ಟಿಕೊಂಡು ತಾನೇ ನಿಮ್ಮೂರ ಬಸ್ ಹತ್ತಿದ.

ಸಂಜಿಕ ವಾಪಸ್ ಬಂದು ಹೇಳಿದ. ಬಸ್ ಸ್ಟ್ಯಾಂಡಿನ್ಯಾಗ ನಿಂತು ಕೊಟ್ರ ಮಂದಿ ನೋಡಿ, "ಇದು ಆಗಲೇ ಬಂದದ ಬಿಡ್ರೀ ಸಾಬ್ರ, ಅದೇ ಗುಲಾಬಿ ಹಾಳಿ" ಅಂತ ಓದದೇ ಮಡಚಿದರಂತ. ಭಜಿ ಅಂಗಡಿಯವ ಮಾತ್ರ ಖುಷಿಯಿಂದ ನೂರು ಇಸಕೊಂಡ. ಮೂರನೇ ಪ್ಲೇಟಿಗೆ ನಾ ಬರದ ತಪ್ಪೊಪ್ಪಿಗಿ ಎಣ್ಣಿ ಹೀರಾಕತ್ತಿತ್ತಂತ.

ಮತ್ತ ಕುಂತು ಹಳದಿ ಕಾಗದದ ಮ್ಯಾಲ ಐನೂರು ಹಾಕಿದೆ. ಬಳ್ಳಿ ತೆಗೆದೆ. ಈ ಸಲ ಓದಿದರು. ಓದಿ ಏನಂದ್ರಂತ ಗೊತ್ತೇನು? "ಶಿವಬಸಮ್ಮಂದು ಯಾವಾಗ್ಲೂ ಗುಲಾಬಿ. ಇದು ಹಳದಿ ಅದ, ಇದು ಯಾರೋ ಆಕಿ ಹೆಸರು ಕೆಡಿಸಾಕ ಹಾಕ್ಯಾರ." ದಸ್ತಗೀರ್ ಕೈಮುಗಿದು ಹೇಳ್ಯಾನ, ನಾನೇ ಪ್ರೆಸ್ಸಿನಾಂವ, ತಪ್ಪು ನಮ್ಮದು ಅಂತ. "ನಿನಗ ಹಾಳಿ ಕಾಣಂಗಿಲ್ಲ, ತಪ್ಪು ಹೆಂಗ ಕಂಡೀ ಸಾಬ್?" ಅಂದ್ರಂತ.

ಆಮ್ಯಾಲ ನಾ ಸಿರವಾರಕ್ಕ ಹೋದೆ. ಶಿವರಾಜ ಚೀಲದ ಥಪ್ಪಿ ನಡುವ ಕುಂತಿದ್ದ. ಎದ್ದು ಕುರ್ಚಿ ಹಾಕಿದ, ಚಹಾ ತರಿಸಿದ. ನಾ ಕೇಳಿದೆ, "ಪ್ರೂಫ್ ಕೊಟ್ಟಾಗ ಕೆಳಗಿನ ಸಾಲು ನೋಡಿದ್ದಿ ಇಲ್ಲೋ?"

"ನೋಡಿದ್ದೆ ಕಾಕಾ" ಅಂತ ಕಿವ್ಯಾಗ ಒದರಿದ. "ಅಣ್ಣ ತಂಗಿ ಮಾತಾಡಿಕೊಂಡೀರಿ, ಅಕ್ಕ ಒಪ್ಪ್ಯಾಳ ಅಂದ್ಕೊಂಡೆ. ನಿಮ್ಮ ಪ್ರೆಸ್ಸಿನ್ಯಾಗ ಆಕಿ ಹೆಸರು ಬಂದ್ರ ಇನ್ನೇನು ಅಂದ್ಕೋಬೇಕು?"

ಅಂವ ಖರೇನ ಹಂಗ ಅಂದ್ಕೊಂಡಿದ್ದನೋ, ಕಂಡೂ ಸುಮ್ಮನಿದ್ದನೋ, ಮಾರಿ ನೋಡಿದ್ರ ತಿಳೀಲಿಲ್ಲ. ಅಂವ ಹೇಳಿದ್ದರಾಗ ತಪ್ಪು ಹುಡುಕಾಕ ನನಗ ಆಗಲಿಲ್ಲ. ಚಹಾ ಕುಡಿದು ಬಂದೆ. ಚಹಾ ಯಾಕ ಕುಡಿದೆ ಅಂತ ಬಸ್ಸಿನ್ಯಾಗ ಅನಿಸ್ತು.

ನಾಕು ಮಂದಿ ಕೂಡಿ ಇನ್ನೊಂದು ದಾರಿ ಹೇಳ್ಯಾರ. ಪೊಲೀಸರಿಗೆ ಅರ್ಜಿ ಕೊಟ್ರ ಆಗ್ತದಂತ. ಆದ್ರ ಹಾಳಿ ಕೆಳಗ ಇರೋದು ನಮ್ಮ ಪ್ರೆಸ್ಸಿನ ಹೆಸರು. ಮೊದಲು ಹಿಡಿಯೋದು ನನ್ನನ್ನ. ಹಿಡೀಲಿ, ನಾ ತಯಾರಿದ್ದೀನಿ. ನೀ ಒಂದು ಮಾತು ಹೇಳು, ನಾಳೆನೇ ಕೊಡ್ತೀನಿ.

ಉಂಡಿ ದಸ್ತಗೀರ್ ಕೈಲಿ ಕಳಿಸಿದ್ದೆ. ಮುಟ್ಟಿದ್ವೇನು?

ನಿನ್ನ ಅಣ್ಣ,
ಗಡಿಗೆಪ್ಪ


ಹಂಚಿನಗಡ್ಡಿ
22 ಸೆಪ್ಟೆಂಬರ್ 2024

ಮಾವಾರಿಗೆ ನಿಮ್ಮ ಸೊಸಿ ಸ್ವಪ್ನಾಳ ಶರಣು.

ಅತ್ತಿ ಪತ್ರ ಬರಿಯೋದಿಲ್ಲ, ನೀನೇ ಬರಿ ಅಂದಾರ. ಉಂಡಿ ಮುಟ್ಟ್ಯಾವ್ರೀ. ಅತ್ತಿ ಒಂದು ತಿಂದ್ರು, ಉಳಿದದ್ದು ಓಣಿ ಹುಡುಗ್ರಿಗೆ ಕೊಟ್ಟರು. ಪೊಲೀಸು ಗಿಲೀಸು ಬ್ಯಾಡ ಅಂತ ಹೇಳಾಕ ಹೇಳ್ಯಾರ. "ನನ್ನ ಹೆಸರಿಗೆ ಮಸಿ ಬಿದ್ದದ್ದು ಸಾಕು, ಅಣ್ಣನ ಹೆಸರಿಗೆ ಬೀಳೋದು ಬ್ಯಾಡ" ಅಂದ್ರು.

ಮಾವಾರ, ನಮ್ಮ ಮನ್ಯಾಗ ಈಗ ಯಾರೂ ಬರವಲ್ರು. ಬಡೇಬೀ ಅಮ್ಮ ನಿಮಗ ಗೊತ್ತಲ್ರೀ, ಅತ್ತಿ ಜೋಡಿ ಅಂಗಡಿ ಬಾಗಲಕ್ಕ ಅಡ್ಡ ಮಲಗಿದಾಕಿ. ಆಕಿ ಬಂದು ಅಂಗಳದಾಗೇ ನಿಂತು ಜಗಳ ಮಾಡಿದಳು. "ಒಪ್ಪೋದಿದ್ರ ಒಪ್ಪವಾ, ನನಗೂ ಸಾಕಾಗ್ಯದ. ಆದ್ರ ನಮ್ಮನ್ನೆಲ್ಲಾ ಸಮಸ್ತ ತಾಯಂದಿರು ಅಂತ ನಿನ್ನ ಬಾಲಕ್ಕ ಯಾಕ ಕಟ್ಟಿದಿ? ನನ್ನ ಕೇಳಿದ್ದೇನು?" ಅಂದಳು. ಅತ್ತಿ ಹೇಳಿದ್ರು, ಅಚ್ಚಿನ್ಯಾಗ ತಪ್ಪಿ ಬಿದ್ದದ ಅಂತ. "ನಿನ್ನ ಅಣ್ಣನ ಪ್ರೆಸ್ಸಿನ್ಯಾಗ ನಿನ್ನ ಹೆಸರು ತಪ್ಪಿ ಬೀಳ್ತದೇನು?" ಅಂತ ಹೋದಳು. ಅತ್ತಿ ಆವತ್ತಿನಿಂದ ಯಾರಿಗೂ ಹೇಳಾಕ ಹೋಗಿಲ್ಲ. ಕಿರಾಣಿ ಅಂಗಡಿಯವ ಈಗ ಅತ್ತಿ ಎದುರಿಗೇ ಮಂದಿಗೆ ಸೆರೆ ಪೌಚು ಕೊಡ್ತಾನ. ಮೊದಲು ಅತ್ತಿ ಬಂದ್ರಂದ್ರ ಡಬ್ಬಿ ಮುಚ್ಚತಿದ್ದ.

ನನ್ನ ಗಂಡ ಇನ್ನೂ ಕುಡಿದಿಲ್ಲ. ಆದ್ರ ಈಗ ದಿನಾ ಕೀಲಿ ಕೇಳ್ತಾರ. ಯಾಕ ಅಂದ್ರ, "ಯವ್ವಾನೇ ಒಪ್ಪ್ಯಾಳ, ನೀನ್ಯಾರು?" ಅಂತಾರ. ನಕ್ಕೊಂತನೇ ಕೇಳ್ತಾರ. ಸಿಟ್ಟು ಮಾಡಿದ್ರ ನಾನೂ ಸಿಟ್ಟು ಮಾಡಬಹುದು. ನಗೋ ಮನಷ್ಯಾಗ ಏನು ಹೇಳಬೇಕ್ರೀ?

ಅಕ್ಟೋಬರ್ 21ಕ್ಕ ಗ್ರಾಮಸಭೆ ಅದ. ಠರಾವಿನ ಮಾತು ಅಲ್ಲೇ ಬರ್ತದ. ನೀವು ಬರ್ರಿ. ಹಾಳಿ ಯಾರೂ ನಂಬವಲ್ರು, ನಿಮ್ಮ ಬಾಯಿಂದ ಕೇಳಿದ್ರ ನಂಬ್ಯಾರು. ಇದನ್ನ ಅತ್ತಿಗೆ ಹೇಳದೇ ಬರ್ದೀನಿ.

ನಿಮ್ಮ ಸೊಸಿ,
ಸ್ವಪ್ನಾ


ರಾಯಚೂರು
24 ಅಕ್ಟೋಬರ್ 2024

ಯವ್ವಾ ಶಿವಬಸಮ್ಮಾ,

ಮೊನ್ನೆ ನಿನ್ನ ಮುಂದೇ ಕುಂತಿದ್ದೆ, ಈಗ ಪತ್ರದಾಗ ಕೇಳಾಕತ್ತೀನಿ ಅಂದ್ರ ನಗಬ್ಯಾಡ. ಅಲ್ಲಿ ಕೇಳಾಕ ಬಾಯಿ ಬರಲಿಲ್ಲ.

ಪಂಚಾಯಿತಿ ಮುಂದಿನ ಪೆಂಡಾಲು, ಫ್ಯಾನು, ಮೈಕು. ನನಗ ಅದೆಲ್ಲಾ ಕೂಡಿ ಒಂದೇ ಮೊರೆತ. ಸ್ವಪ್ನಾ ಕೈ ತೋರಿಸಿದಾಗ ಎದ್ದೆ. ಬಸ್ಸಿನ್ಯಾಗ ಹತ್ತು ಸಲ ಬಾಯಿಪಾಠ ಮಾಡಿದ್ದನ್ನ ಹೇಳಿದೆ. ಈ ಹೆಸರು ನನ್ನ ತಪ್ಪಿನಿಂದ ಬಿದ್ದದ, ನನ್ನ ತಂಗಿ ಒಪ್ಪಿಲ್ಲ, ಆಕಿಗೆ ಗೊತ್ತೂ ಇದ್ದಿಲ್ಲ, ಹಳೇ ಕಟ್ಟು ಬಿಚ್ಚದೇ ಇಟ್ಟಿದ್ದೆ, ಮುದುಕನ್ನ ಕ್ಷಮಿಸ್ರಿ ಅಂದೆ. ಅಂದೆನೋ ಇಲ್ಲೋ, ನನ್ನ ದನಿ ನನಗೇ ಕೇಳಂಗಿಲ್ಲ.

ಮಂದಿ ಸುಮ್ಮನೆ ಕೇಳಿದರು. ಹಿಂದ ಕುಂತವ್ರು ಕತ್ತು ಎತ್ತಿ ನೋಡಿದರು. ಆಮ್ಯಾಲ ಶಿವರಾಜ ಎದ್ದು ಮೈಕಿನ್ಯಾಗ ಏನೋ ಅಂದ. ನನ್ನ ಕಡೆ ನೋಡೇ ಅಂದ. ಎಲ್ಲಾರೂ ನಕ್ಕರು. ಅಂವ ನಕ್ಕೊಂತ ನನಗ ಕೈಮುಗಿದ. ನಂಬಿದ್ರು, ಸಿಟ್ಟು ಇಳೀತು ಅಂದ್ಕೊಂಡೆ. ನಾನೂ ಹೂಂ ಅಂತ ತಲಿ ಹಾಕಿ ಕೈಮುಗಿದೆ. ಮತ್ತ ನಕ್ಕರು. ಆಗ ನಿನ್ನ ಕಡೆ ನೋಡಿದೆ. ನೀ ತಲಿ ಬಗ್ಗಿಸಿ ಸೆರಗಿನ ಅಂಚು ಹಿಡಕೊಂಡಿದ್ದಿ.

ಠರಾವು ತೆಗಿಯಾಕ ಕೈ ಎತ್ತಿಸಿದರು. ಎತ್ತಿದ ಕೈ ಎಷ್ಟಂತ ಕಣ್ಣಿಗೆ ಕಾಣ್ತಿತ್ತು, ಅದಕ್ಕ ಕಿವಿ ಬೇಕಾಗಿದ್ದಿಲ್ಲ.

ಬಸ್ ಹತ್ತಿಸಾಕ ಬಂದಾಗ ನೀ ನನ್ನ ಚೀಲ ಕೊಟ್ಟಿ. ನಿನ್ನ ಎಡಗೈ ಹೆಬ್ಬೆಟ್ಟು ನೀಲಿ ಆಗಿತ್ತು. ಯಾಕಂತ ಕೇಳಲಿಲ್ಲ.

ಎರಡು ಮಾತು ಬರಿ. ಶಿವರಾಜ ಏನಂದ? ಹೆಬ್ಬೆಟ್ಟು ಯಾಕ ನೀಲಿ ಆಗಿತ್ತು? ನನ್ನ ಮಗನ್ನ ಕೇಳಿದ್ರ ಆಗ್ತದ, ಅಂವ ಫೋನ್ ಮಾಡಿ ತಿಳ್ಕೊಂತಾನ. ಆದ್ರ ನಿನ್ನ ಕೈ ಬರಹದಾಗ ಓದಬೇಕು.

ಗಡಿಗೆಪ್ಪ


ಹಂಚಿನಗಡ್ಡಿ
10 ನವೆಂಬರ್ 2024

ಯಣ್ಣಾ,

ಬರೀಬಾರದು ಅಂತ ಇದ್ದೆ. ಬರೀದಿದ್ರ ನೀ ಬ್ಯಾರೆ ಯಾರನ್ನೋ ಕೇಳ್ತಿ. ಅವರು ನಕ್ಕೊಂತ ಹೇಳ್ತಾರ. ಅದಕ್ಕ ನಾನೇ ಹೇಳ್ತೀನಿ.

ನೀ ಚಲೋ ಹೇಳಿದಿ. ಎಲ್ಲಾರಿಗೂ ಕೇಳ್ತು. ಬಡೇಬೀ ನನ್ನ ಕಡೆ ತಿರುಗಿ ನೋಡಿದಳು, ಆ ಜಗಳ ಆದ ಮ್ಯಾಲ ಮೊದಲ ಸಲ. ಆಕಿ ನಂಬಿದ್ದಳು, ಆ ಗಳಿಗಿಗೆ. ಇನ್ನೊಂದು ನಾಕು ಮಂದಿನೂ ನಂಬಿದ್ರು.

ಆಗ ಶಿವರಾಜ ಎದ್ದು ಅಂದ, "ಕಾಕಾ, ಹಂಗಾದ್ರ ಹತ್ತು ವರ್ಷದ ಹಿಂದಿನ ಹಾಳಿಮ್ಯಾಗೂ ಅಕ್ಕನ ಹೆಸರು ತಪ್ಪೇ ಬಿದ್ದಿತ್ತೇನ್ರೀ?"

ಮಂದಿ ನಕ್ಕರು. ನೀ ಹೂಂ ಅಂತ ತಲಿ ಹಾಕಿದಿ.

ಯಣ್ಣಾ, ನಿನ್ನ ತಪ್ಪಲ್ಲ. ನಿನಗ ಕೇಳಿಲ್ಲ ಅಂತ ನನಗೊಬ್ಬಾಕಿಗೆ ಗೊತ್ತಿತ್ತು. ಎದ್ದು ನಿಂತು, ಅವಂಗ ಕಿವಿ ಕೇಳಂಗಿಲ್ಲ ಅಂತ ಒದರಬೇಕು ಅಂದ್ಕೊಂಡೆ. ಅಷ್ಟು ಮಂದ್ಯಾಗ ನಿನ್ನ ಕಿವುಡ ಅಂತ ಕೂಗಿ ಕರಿಯಾಕ ಬಾಯಿ ಬರಲಿಲ್ಲ. ಅಲ್ಲಿಗೆ ಮುಗೀತು.

ಹೆಬ್ಬೆಟ್ಟಿನ ಮಾತು. ಹಾಜರಿ ಪುಸ್ತಕ ಎಲ್ಲಾರ ಹಂತ್ಯಾಕ ಬಂತು. ನನ್ನ ಹಂತ್ಯಾಕ ಬಂದಾಗ ಪೆನ್ನು ಕೊಟ್ಟರು. ನಾ ಮಸಿ ಡಬ್ಬಿ ಕೇಳಿದೆ. ಪಂಚಾಯಿತಿಯವ, "ಯಮ್ಮಾ, ನೀನು ಓದಿದಾಕಿ ಅಲ್ಲೇನು? ನಿನ್ನ ಸಹಿ ಇಡೀ ಊರಿಗೇ ಗೊತ್ತು" ಅಂದ. "ಊರಿಗೆ ಗೊತ್ತಾಗಿದ್ದಕ್ಕೇ ಬ್ಯಾಡಪ್ಪಾ" ಅಂದೆ. ಹೆಬ್ಬೆಟ್ಟು ಒತ್ತಿದೆ. ಅದನ್ನ ಯಾರೂ ಜೋಡಿಸಿ ಅಚ್ಚು ಹಾಕಾಕ ಬರಂಗಿಲ್ಲ.

ನಿನಗ ನೋವಾಗಲಿ ಅಂತ ಮಾಡಿಲ್ಲ. ನೀ ಬಸ್ ಹತ್ತೋವಾಗ ನೋಡ್ತೀ ಅಂತ ಗೊತ್ತಿದ್ರ ತೊಳಕೊಂಡು ಬರ್ತಿದ್ದೆ.

ಬಸ್ ಸ್ಟ್ಯಾಂಡಿನ ಹಳೇ ಅಂಗಡಿಗೆ ಬಣ್ಣ ಬಳಿಯಾಕತ್ತಾರ. ಗೌರಿ ಹುಣ್ಣಿವಿ ಆದ ಮ್ಯಾಲ ಬಾಗಲ ತೆಗೀತಾರಂತ. ಬಣ್ಣದ ಕೂಲಿಗೆ ನಾಕು ಮಂದಿ ಹೋಗ್ಯಾರ, ಅದರಾಗ ಚನ್ನವೀರನೂ ಒಬ್ಬ. ಕೂಲಿ ಕೆಲಸ ಅಲ್ಲೇನು ಯವ್ವಾ ಅಂದ. ಹೌದು, ಕೂಲಿ ಕೆಲಸ. ಏನಂತ ಬ್ಯಾಡ ಅನ್ನಲಿ? ಸಂಜಿಕ ಮೈತುಂಬ ಹಸಿರು ಬಣ್ಣ ಮಾಡಿಕೊಂಡು ಬಂದು, ಬುತ್ತಿ ಡಬ್ಬಿ ತೊಳೆದು ಇಟ್ಟು ಮಲಗ್ತಾನ. ಇನ್ನೂ ಕುಡಿದಿಲ್ಲ.

ನಿನ್ನ ತಂಗಿ


ರಾಯಚೂರು
2 ಡಿಸೆಂಬರ್ 2024

ಯವ್ವಾ,

ನಿನ್ನ ಪತ್ರದ ಕೆಳಗ ಬರೇ "ನಿನ್ನ ತಂಗಿ" ಅಂತ ಅದ. ಮೊದಲು ಹಾಳಿ ತಿರುಗಿಸಿ ನೋಡಿದೆ, ಹೆಸರು ಹಿಂದ ಬರ್ದೀಯೇನೋ ಅಂತ.

ನಾ ತಲಿ ಹಾಕಿದ್ದನ್ನ ಓದಿ ಎರಡು ದಿನ ಪ್ರೆಸ್ ಬಾಗಲ ತೆಗೀಲಿಲ್ಲ. ಮೂರನೇ ದಿನ ಮಾನವಿಗೆ ಹೋದೆ. ದಸ್ತಗೀರನ ಮುಂದ ಕುಂತು ಎಲ್ಲಾ ಹೇಳಿದೆ. ಅಂವಗ ಕಾಣಂಗಿಲ್ಲ, ನನಗ ಕೇಳಂಗಿಲ್ಲ. ಗುಲ್ಫಶಾ ಇಬ್ಬರಿಗೂ ಚಹಾ ಕೊಟ್ಟು, ನನ್ನ ಅಂಗೈಮ್ಯಾಗ ಬೆರಳಿಂದ ಬರ್ದು ಅವರಪ್ಪ ಹೇಳಿದ್ದು ತಿಳಿಸಿದಳು. "ಬಿಚ್ಚಿಬಿಡ್ರಿ ಮಾಲಕ್" ಅಂದಿದ್ದ. ರಾಯಚೂರು ಮುಟ್ಟೋ ತನಕ ಅದನ್ನೇ ನೆನಸಿಕೊಂತ ಬಂದೆ.

ನಿನ್ನೆ ಬಿಚ್ಚಿದೆ. ತಿದ್ದುಪಡಿ ಹಾಳಿ ಆದ ಮ್ಯಾಲ ಅದೇ ಹಳೇ ದಾರ ಮತ್ತ ಸುತ್ತಿಟ್ಟಿದ್ದೆ, ಜೀರ್ಣ ಆಗಿತ್ತು, ಮುಟ್ಟಿದ್ರ ಹರೀತು. ಬಳ್ಳಿ ತುಂಡು ಅದರ ಪೆಟಗಿಗೆ ಹಾಕಿದೆ. "ಸಮಸ್ತ ತಾಯಂದಿರು" ಅವರವರ ಖಾನಿಗೆ ಹೋದರು. ನಿನ್ನ ಹೆಸರಿನ ಮೊಳಿ ಮಾತ್ರ ಖಾನಿಗೆ ಹಾಕಾಕ ಕೈ ಬರಲಿಲ್ಲ. ಅವು ಮತ್ತ ಯಾವ ಹಾಳಿಮ್ಯಾಗ ಬೀಳ್ತಾವೋ, ಯಾರ ಮಾತಿನ ಕೆಳಗ ನಿಲ್ತಾವೋ ಅಂತ. ಸೀಮೆಎಣ್ಣಿಯಾಗ ತೊಳೆದು, ಒರೆಸಿ, ಅಡಕಿ ಡಬ್ಬ್ಯಾಗ ಹಾಕಿ ಈ ಪಾರ್ಸಲಿನ್ಯಾಗ ಕಳಿಸೀನಿ. ಖಾನ್ಯಾಗ ಅಂಥಾ ಅಕ್ಷರ ಇನ್ನೂ ಅದಾವ, ಆದ್ರ ನನ್ನ ಪ್ರೆಸ್ಸಿನ್ಯಾಗ ಇನ್ನ ನಿನ್ನ ಹೆಸರು ಜೋಡಿಸಂಗಿಲ್ಲ. ಅದು ನಿನ್ನ ಹಂತ್ಯಾಕ ಇರಲಿ. ಬೇಕಾದ್ರ ಇಟ್ಟುಕೋ, ಬ್ಯಾಡಾದ್ರ ಹೊಳಿಗೆ ಒಗಿ.

ಹಿಂಗ ಮಾಡಿದ್ರ ಏನಾಗ್ತದ ಅಂತ ಕೇಳಿದ್ರ ನನಗ ಗೊತ್ತಿಲ್ಲ. ಏನೂ ಆಗಂಗಿಲ್ಲ. ಕೈಯಾಗ ಇದ್ದದ್ದು ಇಷ್ಟೇ.

ಅಂಗಡಿ ತೆಗೆದಾರೇನು? ಚನ್ನವೀರ ಹೆಂಗದಾನ? ಕೇಳಬಾರದು ಅಂತ ಇದ್ದೆ.

ನಿನ್ನ ಅಣ್ಣ,
ಗಡಿಗೆಪ್ಪ


ಹಂಚಿನಗಡ್ಡಿ
5 ಜನವರಿ 2025

ಯಣ್ಣಾ,

ಡಬ್ಬಿ ಮುಟ್ಟಿತು. ಹೊಳಿಗೆ ಒಗೆದಿಲ್ಲ. ಜೋಳದ ಕಣಜದ ಮ್ಯಾಲ ಇಟ್ಟೀನಿ. ಒಂದು ದಿನ ತೆಗೆದು ಅಂಗೈಯಾಗ ಹಿಡಕೊಂಡೆ. ಅಕ್ಷರ ಎಲ್ಲಾ ಉಲ್ಟಾ ಇರ್ತಾವ ಅಂತ ನೀ ಹೇಳ್ತಿದ್ದಿ, ನಾ ನೋಡಿದ್ದಿಲ್ಲ. ಇಷ್ಟು ಸಣ್ಣು, ಇಷ್ಟು ಭಾರ ಇರ್ತಾವಂತ ಗೊತ್ತಿದ್ದಿಲ್ಲ.

ನಿನಗ ಸುಳ್ಳು ಹೇಳಂಗಿಲ್ಲ. ಅಂಗಡಿ ತೆಗೆದು ಒಂದೂವರಿ ತಿಂಗಳಾತು. ಹಸಿರು ಬಣ್ಣ ಚಲೋ ಕೂತದ. ಅಂಗಡಿ ಗ್ವಾಡಿಮ್ಯಾಗ ಆ ಗುಲಾಬಿ ಹಾಳಿ ಗಾಜಿನ ಕಟ್ಟು ಹಾಕಿಸಿ ತೂಗ ಹಾಕ್ಯಾರಂತ. ಬಡೇಬೀ ಹೇಳಿದಳು. ಆಕಿ ಈಗ ಮನಿಗೆ ಬರ್ತಾಳ. ಇಬ್ಬರೂ ಕುಂತು ಮೆಣಸಿನಕಾಯಿ ತುಂಬು ತೆಗೀತೀವಿ. ಅಂಗಡಿ ಸುದ್ದಿ ಆಕಿನೂ ತೆಗೆಯಂಗಿಲ್ಲ, ನಾನೂ ತೆಗೆಯಂಗಿಲ್ಲ.

ಗಾಡಿ ಮನಿ ಮುಂದೇ ನಿಂತದ. ಕೀಲಿ ಸ್ವಪ್ನಾ ಗೂಟಕ್ಕ ಹಾಕಿಬಿಟ್ಟಾಳ, ಎಲ್ಲಾರಿಗೂ ಕಾಣೋಹಂಗ. ಅದನ್ನ ಈಗ ಯಾರೂ ಕೇಳಂಗಿಲ್ಲ. ಚನ್ನವೀರ ನಡಕೊಂತ ಹೋಗ್ತಾನ.

ಯಣ್ಣಾ, ಓದಾಕಂತ ನೀ ಕಳಿಸ್ತಿದ್ದ ಪ್ರೆಸ್ಸಿನ ರದ್ದಿ ಹಾಳಿ ಇನ್ನ ಕಳಿಸಬ್ಯಾಡ, ಮನಸಿಲ್ಲ. ಪತ್ರ ಮಾತ್ರ ಬಿಡಬ್ಯಾಡ, ಓದ್ತೀನಿ. ಮುಂದಿನ ಪಂಚಮಿಗೆ ಕರಿಯಾಕ ಯಾರನ್ನೂ ಕಳಿಸಬ್ಯಾಡ, ನೀನೇ ಬಾ. ಉಂಡಿ ಅತ್ತಿಗಿ ಕೈಯಿಂದು ಇರಲಿ, ಅಂಗಡಿಂದು ಬ್ಯಾಡ.

ಈ ಪತ್ರ ನನ್ನ ಕೈಯಿಂದೇ ಬರದದ್ದು, ಬ್ಯಾರೆಯವರ ಕೈಲಿ ಬರೆಸಿಲ್ಲ. ಕೆಳಗಿನ ಗುರುತು ನೋಡಿ ಗಾಬರಿ ಆಗಬ್ಯಾಡ. ಅದು ನಾನೇ.

(ಎಡಗೈ ಹೆಬ್ಬೆಟ್ಟಿನ ಗುರುತು)